ಮೂರು ಸಾಲು ಆಸನ, ಹಿಂದೊಂದು ಟ್ರೈಲರ್: ಮಿತ ಬಜೆಟ್ಟಿನಲ್ಲಿ ಎಸ್‌ಯುವಿ ಆರಿಸುವ ಬಗೆ

ಮೂರು ಸಾಲಿನ ಎಸ್‌ಯುವಿ ಕೊಳ್ಳಲು ಹೊರಟವರಲ್ಲಿ ಹಲವರು ಎರಡು ಆಸೆಗಳನ್ನು ಒಟ್ಟಿಗೆ ಇಟ್ಟುಕೊಂಡಿರುತ್ತಾರೆ. ಮನೆಯವರೆಲ್ಲ ಒಂದೇ ವಾಹನದಲ್ಲಿ ಹಿಡಿಸಬೇಕು, ರಜೆ ಬಂದಾಗ ದೋಣಿಯನ್ನೋ ಕ್ಯಾಂಪಿಂಗ್ ಟ್ರೈಲರನ್ನೋ ಅದೇ ವಾಹನ ಎಳೆಯಬೇಕು. ಮಾರಾಟದ ಕೈಪಿಡಿಗಳು ಎರಡಕ್ಕೂ ಒಪ್ಪುತ್ತವೆ. ಒಂದು ಪುಟದಲ್ಲಿ ಎಂಟು ಜನ ಎಂದಿರುತ್ತದೆ, ಇನ್ನೊಂದು ಪುಟದಲ್ಲಿ 5000 ಪೌಂಡ್ ಎಂದಿರುತ್ತದೆ. ಎರಡೂ ಮಾತು ನಿಜವೇ. ಆದರೆ ಎಂಟು ಜನರನ್ನು ಕೂರಿಸಿಕೊಂಡು ಅಷ್ಟೇ ಭಾರವನ್ನು ಎಳೆಯಬಹುದೆಂದು ಯಾವ ಪುಟದಲ್ಲಿಯೂ ಬರೆದಿರುವುದಿಲ್ಲ. ಮೂರನೇ ಸಾಲಿನಲ್ಲಿ ಕೂತವರ ತೂಕ ಮತ್ತು ಟ್ರೈಲರ್ ತನ್ನ ಕೊಂಡಿಯ ಮೂಲಕ ವಾಹನದ ಮೇಲೆ ಹೇರುವ ತೂಕ ಎರಡೂ ಒಂದೇ ಲೆಕ್ಕದಿಂದ ಕಳೆಯುತ್ತವೆ. ವಾಹನ ಆರಿಸುವ ಕೆಲಸವೆಲ್ಲ ಈ ಒಂದು ಸಂಗತಿಯ ಸುತ್ತ ನಿಂತಿದೆ, ಆದ್ದರಿಂದ ಹೆಸರುಗಳಿಗೆ ಹೋಗುವ ಮೊದಲು ಅಳತೆಗೋಲುಗಳನ್ನು ನೋಡೋಣ.

ಇಲ್ಲಿ ಬರುವ ಸಾಮರ್ಥ್ಯದ ಅಂಕಿಗಳು ಉತ್ತರ ಅಮೆರಿಕದಲ್ಲಿ ಮಾರಾಟವಾಗುವ ಮಾದರಿಗಳವು, ಏಕೆಂದರೆ ಇಂಥ ವಾಹನಗಳ ಆಯ್ಕೆ ಅಲ್ಲಿ ಬಹಳ ವಿಶಾಲವಾಗಿದೆ. ಅದೇ ಹೆಸರಿನ ವಾಹನಕ್ಕೆ ಬೇರೆ ದೇಶದಲ್ಲಿ ಬೇರೆ ಎಂಜಿನ್ನೂ ಬೇರೆ ಮಿತಿಯೂ ಇರಬಹುದು. ಯುರೋಪಿನಲ್ಲಿ ಬ್ರೇಕ್ ಇರುವ ಟ್ರೈಲರಿಗೆ ಒಂದು ಮಿತಿ, ಬ್ರೇಕ್ ಇಲ್ಲದ ಟ್ರೈಲರಿಗೆ ಇನ್ನೊಂದು ಮಿತಿ ನಮೂದಾಗುತ್ತದೆ. ಬ್ರೇಕ್ ಇಲ್ಲದ ಟ್ರೈಲರ್ ಅಲ್ಲಿ 750 ಕಿಲೋ ದಾಟುವಂತಿಲ್ಲ. ಅಂಕಿಗಳು ಬದಲಾದರೂ ಲೆಕ್ಕ ಹಾಕುವ ವಿಧಾನ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಮೊದಲು ಟ್ರೈಲರಿನ ತೂಕ

ವಾಹನವನ್ನು ಮೊದಲು ಕೊಂಡು, ಅದು ಏನನ್ನು ಎಳೆದೀತು ಎಂದು ಆಮೇಲೆ ಯೋಚಿಸುವವರು ಬೇಕಾದ್ದಕ್ಕಿಂತ ದೊಡ್ಡದನ್ನೋ ಚಿಕ್ಕದನ್ನೋ ಕೊಂಡಿರುತ್ತಾರೆ. ಎಳೆಯಬೇಕಾದ ವಸ್ತುವಿನ ತುಂಬಿದ ತೂಕ ಮೊದಲು ಗೊತ್ತಾಗಬೇಕು. ಕ್ಯಾಂಪಿಂಗ್ ಟ್ರೈಲರ್ ಮಾರುವವರು ಸಾಮಾನ್ಯವಾಗಿ ಖಾಲಿ ತೂಕವನ್ನೇ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಅದರಲ್ಲಿ ನೀರು, ಅನಿಲ, ಹಾಸಿಗೆ, ಪಾತ್ರೆ, ಆಹಾರ ಯಾವುದೂ ಸೇರಿರುವುದಿಲ್ಲ, ಎಷ್ಟೋ ಸಲ ಬ್ಯಾಟರಿಯೂ ಸೇರಿರುವುದಿಲ್ಲ. 100 ಲೀಟರಿನ ನೀರಿನ ತೊಟ್ಟಿ ತುಂಬಿದರೆ ಅಲ್ಲಿಗೇ 100 ಕಿಲೋ ಆಯಿತು. ಒಂದು ಕುಟುಂಬದ ಸಾಮಾನು ಸರಂಜಾಮೆಲ್ಲ ಸೇರಿ ಖಾಲಿ ತೂಕದ ಮೇಲೆ 300 ಕಿಲೋ ದಾಟುವುದು ಕಷ್ಟವೇನಲ್ಲ. ಆದ್ದರಿಂದ ಟ್ರೈಲರಿನ ಫಲಕದ ಮೇಲೆ ನಮೂದಿಸಿರುವ ಗರಿಷ್ಠ ಅನುಮತ ತೂಕವನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ದೋಣಿಯಾದರೆ ದೋಣಿ, ಎಂಜಿನ್, ಇಂಧನ ಮತ್ತು ಅದನ್ನು ಹೊರುವ ಟ್ರೈಲರ್ ಎಲ್ಲವನ್ನೂ ಕೂಡಿಸಬೇಕು.

ತೂಕದ ಜೊತೆಗೆ ಆಕಾರವನ್ನೂ ನೋಡಬೇಕು. ಒಂದೇ ತೂಕದ ದೋಣಿಯೂ ಎತ್ತರದ ಪೆಟ್ಟಿಗೆಯಂಥ ಟ್ರೈಲರೂ ಎಳೆಯುವ ವಾಹನಕ್ಕೆ ಒಂದೇ ಅಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗದಂತೆ ಏರುವುದರಿಂದ, ಗಂಟೆಗೆ 80 ಕಿ.ಮೀ.ಯಿಂದ 100ಕ್ಕೆ ಹೋದರೆ ಆ ಪ್ರತಿರೋಧ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಕೆಲವು ತಯಾರಕರು ತೂಕದೊಂದಿಗೆ ಟ್ರೈಲರಿನ ಮುಂಭಾಗದ ವಿಸ್ತೀರ್ಣಕ್ಕೂ ಮಿತಿ ಹಾಕುವುದು ಇದಕ್ಕಾಗಿ. ಆ ಸಾಲು ಮಾಲೀಕರ ಕೈಪಿಡಿಯ ಒಳಪುಟದಲ್ಲಿರುತ್ತದೆ, ಪ್ರಚಾರಪತ್ರದಲ್ಲಿ ಸಿಗುವುದು ಅಪರೂಪ.

ಬಾಗಿಲ ಕಂಬದ ಮೇಲಿನ ಚೀಟಿ

ಈಗ ಮುಖ್ಯ ಅಳತೆಗೋಲು. ಟ್ರೈಲರಿನ ತೂಕವೆಲ್ಲ ಅದರ ಚಕ್ರಗಳ ಮೇಲೇ ನಿಲ್ಲುವುದಿಲ್ಲ. ಒಂದು ಪಾಲು ಮುಂದೆ ಬಂದು ಕೊಂಡಿಯ ಗುಂಡಿನ ಮೇಲೆ ಕೂರುತ್ತದೆ. ಎತ್ತಿನ ಗಾಡಿಯವರು ಇದನ್ನು ಮೂಕಿಯ ಭಾರ ಎಂದು ಬಲ್ಲರು. ಗಾಡಿಯ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೈಲರಿನಲ್ಲಿಯೂ ಹಾಗೆಯೇ: ಮೂಕಿಭಾರ ತೀರ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೈಲರ್ ಅತ್ತಿತ್ತ ಓಲಾಡತೊಡಗಿ ಎಳೆಯುವ ವಾಹನವನ್ನೇ ತಿರುಗಿಸಿಬಿಡಬಹುದು, ಹೆಚ್ಚಾದರೆ ವಾಹನದ ಹಿಂಭಾಗ ಕುಗ್ಗಿ, ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಉತ್ತರ ಅಮೆರಿಕದಲ್ಲಿ ಕ್ಯಾಂಪಿಂಗ್ ಟ್ರೈಲರುಗಳಿಗೆ ತುಂಬಿದ ತೂಕದ ಶೇ. 10ರಿಂದ 15ರಷ್ಟು ಮೂಕಿಭಾರ ಇರಬೇಕೆಂಬುದು ರೂಢಿ.

ಈ ಮೂಕಿಭಾರವನ್ನು ಹೊರುವುದು ವಾಹನವೇ, ಆದ್ದರಿಂದ ಅದು ವಾಹನದ ಪೇಲೋಡಿನಿಂದ, ಅಂದರೆ ಹೊರುವ ಸಾಮರ್ಥ್ಯದಿಂದ ಕಳೆಯುತ್ತದೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಟೈರಿನ ಗಾಳಿಯ ಒತ್ತಡವನ್ನು ತಿಳಿಸುವ ಚೀಟಿಯೊಂದು ಕಾಣುತ್ತದೆ. ಅಮೆರಿಕದ ವಾಹನಗಳಲ್ಲಿ, ಪ್ರಯಾಣಿಕರ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಕಿಲೋ ಮೀರಬಾರದು ಎಂಬ ವಾಕ್ಯ ಅದರಲ್ಲಿಯೇ ಇರುತ್ತದೆ. ಒಂದೇ ಮಾದರಿಯ ಎರಡು ವಾಹನಗಳಲ್ಲಿ ಈ ಸಂಖ್ಯೆ ಬೇರೆಯಾಗಿರಬಹುದು, ಏಕೆಂದರೆ ಗಾಜಿನ ಚಾವಣಿ, ದೊಡ್ಡ ಚಕ್ರ, ನಾಲ್ಕು ಚಕ್ರಗಳ ಚಾಲನೆ ಮುಂತಾದ ಪ್ರತಿಯೊಂದು ಸೌಕರ್ಯವೂ ತನ್ನ ತೂಕವನ್ನು ಅದರಿಂದಲೇ ಕಳೆದಿರುತ್ತದೆ. ದುಬಾರಿ ದರ್ಜೆಯ ವಾಹನ ಅಗ್ಗದ ದರ್ಜೆಗಿಂತ ಕಡಿಮೆ ಹೊರುವುದು ಹೀಗೆ. ಮಿತ ಬಜೆಟ್ಟಿನವರಿಗೆ ಇದು ಒಳ್ಳೆಯ ಸುದ್ದಿ.

ಒಂದು ಲೆಕ್ಕ ಮಾಡಿ ನೋಡೋಣ. ಚೀಟಿಯಲ್ಲಿ 600 ಕಿಲೋ ಎಂದಿದೆ, ಎಳೆಯುವ ಸಾಮರ್ಥ್ಯ 5000 ಪೌಂಡ್, ಅಂದರೆ 2268 ಕಿಲೋ. ತಂದೆ ತಾಯಿ ಸೇರಿ 140 ಕಿಲೋ, ಅಜ್ಜ ಅಜ್ಜಿ ಸೇರಿ 130, ಇಬ್ಬರು ಮಕ್ಕಳು 60; ಒಟ್ಟು 330 ಕಿಲೋ. ಡಿಕ್ಕಿಯಲ್ಲಿ 80 ಕಿಲೋ ಸಾಮಾನು, ಆಮೇಲೆ ಹಾಕಿಸಿದ ಹಿಚ್ಚಿನ (ಟ್ರೈಲರ್ ಸಿಕ್ಕಿಸಲು ವಾಹನದ ಹಿಂದೆ ಹಾಕುವ ಕೊಂಡಿಯ) ಉಕ್ಕಿಗೆ 20 ಕಿಲೋ. ಉಳಿದದ್ದು 170 ಕಿಲೋ. ಮೂಕಿಭಾರ ಶೇ. 12 ಎಂದು ಹಿಡಿದರೆ ಈ ಆರು ಜನರ ಕುಟುಂಬ ಎಳೆಯಬಹುದಾದದ್ದು ಸುಮಾರು 1400 ಕಿಲೋ ಟ್ರೈಲರನ್ನು ಮಾತ್ರ. ಕೈಪಿಡಿಯ ಸಂಖ್ಯೆಗಿಂತ 850 ಕಿಲೋಗೂ ಹೆಚ್ಚು ಕಡಿಮೆ. ಅಜ್ಜ ಅಜ್ಜಿ ಬರದೆ ನಾಲ್ವರೇ ಹೊರಟರೆ 300 ಕಿಲೋ ಉಳಿಯುತ್ತದೆ, ಆದರೆ ಅಲ್ಲಿ ಇನ್ನೊಂದು ಮಿತಿ ಅಡ್ಡ ಬರುತ್ತದೆ: 5000 ಪೌಂಡಿನ ವಾಹನಗಳ ಹಿಚ್ ಸಾಮಾನ್ಯವಾಗಿ 500 ಪೌಂಡ್, ಅಂದರೆ 227 ಕಿಲೋಗಿಂತ ಹೆಚ್ಚಿನ ಮೂಕಿಭಾರ ಹೊರುವಂತಿಲ್ಲ. ಆಗಲೂ ಟ್ರೈಲರ್ 1900 ಕಿಲೋ ಆಸುಪಾಸಿನಲ್ಲೇ ನಿಲ್ಲಬೇಕಾಗುತ್ತದೆ.

ಹಾಗಾದರೆ ತಯಾರಕರ ಸಂಖ್ಯೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಅಮೆರಿಕದಲ್ಲಿ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ2807 ಎಂಬ ಮಾನದಂಡವಿದೆ. ಇದು ಕಾನೂನಲ್ಲ, ತಯಾರಕರು ತಾವಾಗಿ ಒಪ್ಪಿಕೊಂಡದ್ದು. ಅದರ ಪ್ರಕಾರ ಟ್ರೈಲರ್ ಸಹಿತ ವಾಹನ 30 ಸೆಕೆಂಡಿನೊಳಗೆ ಗಂಟೆಗೆ 60 ಮೈಲಿ ವೇಗ ಮುಟ್ಟಬೇಕು; ಅರಿಝೋನಾದ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿ.ಮೀ. ಉದ್ದದ ಏರನ್ನು ಸುಡುಬಿಸಿಲಲ್ಲಿ, ಹವಾನಿಯಂತ್ರಣ ಪೂರ್ತಿ ನಡೆಯುತ್ತಿರುವಾಗಲೇ, ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದಂತೆ ಹತ್ತಬೇಕು. ಕಠಿಣವಾದ, ಒಳ್ಳೆಯ ಪರೀಕ್ಷೆ. ಆದರೆ ಅದರ ಲೆಕ್ಕದಲ್ಲಿ ವಾಹನದೊಳಗೆ ಇರುವವರು ತಲಾ 68 ಕಿಲೋ ತೂಕದ ಇಬ್ಬರು ಮಾತ್ರ. ಮೂರು ಸಾಲು ತುಂಬಿಸಿಕೊಂಡು ಹೊರಡುವವರು ಉಳಿದ ಲೆಕ್ಕವನ್ನು ತಾವೇ ಮಾಡಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಬ್ಬ ಮಾರಾಟಗಾರರು ಕೈಪಿಡಿಯ ಸಂಖ್ಯೆ ತೋರಿಸಿ ಚಿಂತೆ ಬೇಡ ಎಂದಾಗ ನಾನೂ ನಂಬಿದ್ದೆ. ಮೊದಲ ಪ್ರವಾಸದಲ್ಲಿ ವಾಹನದ ಹಿಂಭಾಗ ಕುಗ್ಗಿ, ರಾತ್ರಿ ಎದುರಿನವರೆಲ್ಲ ದೀಪ ಮಿನುಗಿಸತೊಡಗಿದಾಗಲೇ ನಮ್ಮ ಹೆಡ್‌ಲೈಟುಗಳು ಅವರ ಕಣ್ಣಿಗೆ ಹೊಡೆಯುತ್ತಿವೆ ಎಂದು ತಿಳಿದದ್ದು. ಅಂದಿನಿಂದ ಯಾರು ಸಲಹೆ ಕೇಳಿದರೂ ಬಾಗಿಲ ಕಂಬದ ಚೀಟಿಯಿಂದಲೇ ಆರಂಭಿಸುತ್ತೇನೆ.

ಮೂರನೇ ಸಾಲು ಯಾರಿಗೆ

ಮೂರನೇ ಸಾಲು ಎಂದಾಗ ಅದರಲ್ಲಿ ಯಾರು, ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಶಾಲೆಯಿಂದ ಮನೆಗೆ ಬರುವ ಮಕ್ಕಳಿಗೆ ಸಾಲುವ ಆಸನ ಐದು ಗಂಟೆಯ ಪ್ರಯಾಣದಲ್ಲಿ ಹಿರಿಯರಿಗೆ ಸಾಲದು. ಕಾಲಿಗೆ ಇರುವ ಜಾಗದ ಅಂಕಿ ಒಂದು ಸುಳಿವು ಕೊಡುತ್ತದೆ: ಟೊಯೋಟಾ ಹೈಲ್ಯಾಂಡರಿನ ಮೂರನೇ ಸಾಲಿನಲ್ಲಿ ಅದು ಸುಮಾರು 28 ಇಂಚು, ಗ್ರ್ಯಾಂಡ್ ಹೈಲ್ಯಾಂಡರಿನಲ್ಲಿ ಮತ್ತು 2023ರವರೆಗಿನ ಶೆವ್ರೊಲೆ ಟ್ರಾವರ್ಸಿನಲ್ಲಿ 33 ಇಂಚಿನ ಮೇಲೆ. ಅಂಕಿಯಷ್ಟೇ ಮುಖ್ಯವಾದದ್ದು ನೆಲದಿಂದ ಆಸನದ ಎತ್ತರ. ಆಸನ ತಗ್ಗಾಗಿದ್ದರೆ ಮೊಣಕಾಲು ಎದೆಯತ್ತ ಬರುತ್ತದೆ, ಅದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ವಯಸ್ಕರೊಬ್ಬರು ಅಲ್ಲಿ ಹದಿನೈದು ನಿಮಿಷ ಕೂತು ನೋಡುವುದೊಂದೇ ದಾರಿ. ಮಕ್ಕಳ ಸೀಟು ಬಿಗಿಯುವ ಕೊಂಡಿಗಳು ಮೂರನೇ ಸಾಲಿನಲ್ಲಿ ಇವೆಯೇ, ಎರಡನೇ ಸಾಲಿನಲ್ಲಿ ಮಗುವಿನ ಸೀಟು ಇದ್ದಂತೆಯೇ ಹಿಂದಕ್ಕೆ ಹೋಗಲು ದಾರಿಯಿದೆಯೇ, ತಂಪು ಗಾಳಿ ಅಲ್ಲಿಯವರೆಗೆ ಬರುತ್ತದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬಹುದು.

ಮೂರನೇ ಸಾಲು ಎತ್ತಿದ ಮೇಲೆ ಅದರ ಹಿಂದೆ ಉಳಿಯುವ ಜಾಗವೂ ಮುಖ್ಯ. ಹೈಲ್ಯಾಂಡರಿನಲ್ಲಿ ಅದು ಸುಮಾರು 450 ಲೀಟರ್, ಟ್ರಾವರ್ಸಿನಲ್ಲಿ 650, ಶೆವ್ರೊಲೆಯದೇ ದೊಡ್ಡ ಎಸ್‌ಯುವಿ ಟಾಹೋದಲ್ಲಿ 720, ಅದರ ಉದ್ದದ ರೂಪವಾದ ಸಬರ್ಬನ್ನಿನಲ್ಲಿ 1100 ಮೀರುತ್ತದೆ. ಟ್ರೈಲರ್ ಇರುವವರು ಸಾಮಾನನ್ನು ಅದರಲ್ಲಿಯೇ ಹಾಕಬಹುದಲ್ಲ ಎನಿಸಬಹುದು. ಹಾಕಬಹುದು, ಆದರೆ ಅದನ್ನು ಟ್ರೈಲರಿನ ಚಕ್ರಗಳ ಹಿಂದೆ ಒತ್ತರಿಸಿದರೆ ಮೂಕಿಭಾರ ಕಡಿಮೆಯಾಗಿ ಓಲಾಟ ಶುರುವಾಗುತ್ತದೆ.

ಎಳೆಯಲು ಬೇಕಾದ ಅಂಗಾಂಗ

ಹಿಚ್ ಎಂಬುದು ಕಾಣುವ ಭಾಗ ಮಾತ್ರ. ಎಳೆಯುವ ಪ್ಯಾಕೇಜ್ ಎಂದು ಕಾರ್ಖಾನೆಯಿಂದಲೇ ಬರುವುದರಲ್ಲಿ ಗೇರ್‌ಬಾಕ್ಸಿನ ಎಣ್ಣೆಯನ್ನು ತಂಪಾಗಿಸುವ ಕೂಲರ್, ದೊಡ್ಡ ರೇಡಿಯೇಟರ್ ಅಥವಾ ಬಲವಾದ ಫ್ಯಾನ್, ತಂತಿಯ ಜೋಡಣೆ ಮುಂತಾದವು ಸೇರಿರುತ್ತವೆ. 2018ರಿಂದ 2023ರವರೆಗಿನ ಟ್ರಾವರ್ಸ್ ಈ ಪ್ಯಾಕೇಜ್ ಇದ್ದರೆ 5000 ಪೌಂಡ್ ಎಳೆಯುತ್ತದೆ, ಇಲ್ಲದಿದ್ದರೆ 1500 ಪೌಂಡ್ ಮಾತ್ರ. ಹಳೆಯ ವಾಹನಕ್ಕೆ ಹೊರಗಿನ ಗ್ಯಾರೇಜಿನಲ್ಲಿ ಗಟ್ಟಿಯಾದ ಹಿಚ್ ಹಾಕಿಸಿದರೆ ಉಕ್ಕು ಗಟ್ಟಿಯಾಗುತ್ತದೆಯೇ ಹೊರತು ವಾಹನದ ಮಿತಿ ಏರುವುದಿಲ್ಲ. ಹಿಚ್ಚುಗಳಿಗೂ ವರ್ಗಗಳಿವೆ: ಒಂದನೆಯದು 2000 ಪೌಂಡಿನವರೆಗೆ, ಎರಡನೆಯದು 3500ರವರೆಗೆ, ಮೂರನೆಯದು 8000ದವರೆಗೆ. ವಾಹನ, ಹಿಚ್, ಗುಂಡು ಈ ಮೂರರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ಒಟ್ಟು ಮಿತಿ.

ತಂತಿಯ ಜೋಡಣೆಯಲ್ಲಿ ನಾಲ್ಕು ಪಿನ್ನಿನದು ದೀಪಗಳಿಗೆ ಮಾತ್ರ ಸಾಕು. ಟ್ರೈಲರಿನ ವಿದ್ಯುತ್ ಬ್ರೇಕ್ ನಡೆಸಲು ಏಳು ಪಿನ್ನಿನದು ಮತ್ತು ವಾಹನದೊಳಗೊಂದು ಬ್ರೇಕ್ ಕಂಟ್ರೋಲರ್ ಬೇಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಟ್ರೈಲರ್ 3000 ಪೌಂಡ್ ದಾಟಿದರೆ ಅದಕ್ಕೆ ಸ್ವಂತ ಬ್ರೇಕ್ ಕಡ್ಡಾಯ. ಕಾನೂನು ಏನೇ ಇರಲಿ, ಒಂದು ಟನ್ ಮೀರಿದ ಟ್ರೈಲರನ್ನು ಮಕ್ಕಳಿರುವ ವಾಹನಕ್ಕೆ ಬ್ರೇಕ್ ಇಲ್ಲದೆ ಕಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಂಜಿನ್ನಿನ ವಿಷಯದಲ್ಲಿ ಹೇಳಬೇಕಾದ್ದು ಒಂದೇ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಬಲ ಕಳೆದುಕೊಳ್ಳುತ್ತದೆ, 2000 ಮೀಟರಿನಲ್ಲಿ ಐದನೆಯ ಒಂದು ಭಾಗ ಹೋದಂತೆ. ಬೆಟ್ಟದ ದಾರಿಯಲ್ಲಿ ಹೆಚ್ಚು ಓಡಾಡುವವರಿಗೆ ಟರ್ಬೊ ಎಂಜಿನ್ ಈ ನಷ್ಟವನ್ನು ಬಹುಪಾಲು ತುಂಬಿಕೊಡುತ್ತದೆ. ಬಯಲುಸೀಮೆಯವರಿಗೆ ಸರಳವಾದ ವಿ6 (ಆರು ಸಿಲಿಂಡರಿನ ಎಂಜಿನ್) ಸಾಕು, ಅದರ ರಿಪೇರಿಯೂ ಸುಲಭ.

ಮಧ್ಯಮ ಗಾತ್ರದ ವಾಹನಗಳು

ಹೋಂಡಾ ಪೈಲಟ್, ಟೊಯೋಟಾ ಹೈಲ್ಯಾಂಡರ್, ಕಿಯಾ ಟೆಲ್ಯುರೈಡ್, ಹ್ಯುಂಡೈ ಪ್ಯಾಲಿಸೇಡ್, ಫೋಕ್ಸ್‌ವ್ಯಾಗನ್ ಅಟ್ಲಾಸ್, ಶೆವ್ರೊಲೆ ಟ್ರಾವರ್ಸ್, ಸುಬಾರು ಅಸೆಂಟ್ ಇವೆಲ್ಲ ಸರಿಯಾದ ಸಜ್ಜಿನಲ್ಲಿ 5000 ಪೌಂಡ್ ಎಳೆಯುವಂಥವು. ಕಾರಿನಂತೆ ಒಂದೇ ಕವಚದ ದೇಹ ಇರುವುದರಿಂದ ದಿನನಿತ್ಯದ ಓಡಾಟದಲ್ಲಿ ಹಗುರ, ಇಂಧನದಲ್ಲಿ ಮಿತ, ಒಳಗೆ ವಿಶಾಲ. ವರ್ಷಕ್ಕೆ ನಾಲ್ಕಾರು ಸಲ ಟ್ರೈಲರ್ ಕಟ್ಟಿ ಉಳಿದ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಓಡಾಡುವ ಕುಟುಂಬಕ್ಕೆ ಇವುಗಳಲ್ಲೊಂದು ಹೊಂದುತ್ತದೆ, ಟ್ರೈಲರ್ ತುಂಬಿದ ಮೇಲೂ 1500 ಕಿಲೋ ಒಳಗಿದ್ದರೆ.

ಇವುಗಳೊಳಗೂ ಸೂಕ್ಷ್ಮಗಳಿವೆ. ಪೈಲಟ್ ನಾಲ್ಕು ಚಕ್ರಗಳ ಚಾಲನೆಯಿದ್ದರೆ 5000, ಮುಂಚಕ್ರ ಚಾಲನೆಯಾದರೆ 3500 ಪೌಂಡ್. ಮೂಕಿಭಾರ ಬಿದ್ದಾಗ ಮುಂದಿನ ಚಕ್ರಗಳು ಹಗುರಾಗುತ್ತವೆ. ಚಾಲನೆಯ ಬಲವೆಲ್ಲ ಆ ಚಕ್ರಗಳಿಗೇ ಹೋದರೆ ಒದ್ದೆಯಾದ ಇಳಿಜಾರಿನಿಂದ ದೋಣಿಯನ್ನು ಮೇಲೆಳೆಯುವಾಗ ಅವು ಜಾರುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಮುಂಚಕ್ರ ಚಾಲನೆಯ ಪೈಲಟ್ ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಲಿ. ಹೈಲ್ಯಾಂಡರಿನ ಪೆಟ್ರೋಲ್ ರೂಪ 5000 ಪೌಂಡ್ ಎಳೆದರೆ ಹೈಬ್ರಿಡ್ ರೂಪ 3500ಕ್ಕೆ ನಿಲ್ಲುತ್ತದೆ. ದಿನದ ಇಂಧನ ಉಳಿತಾಯ ಮುಖ್ಯವೋ, ವರ್ಷಕ್ಕೆ ಕೆಲವು ದಿನದ ಎಳೆತ ಮುಖ್ಯವೋ ಎಂಬುದನ್ನು ತೂಗಿ ನೋಡಬೇಕಾದ ಜಾಗ ಇದು. ಟ್ರೈಲರ್ ಚಿಕ್ಕದಾದರೆ ನಾನು ಹೈಬ್ರಿಡ್ಡನ್ನೇ ಆರಿಸುವೆ, ಮೂರನೇ ಸಾಲು ಇಕ್ಕಟ್ಟೆಂಬುದನ್ನು ಒಪ್ಪಿಕೊಂಡು. ಅಸೆಂಟ್ ಚೈನ್ ಮಾದರಿಯ ಸಿವಿಟಿ, ಅಂದರೆ ಗೇರಿನ ಹಂತಗಳಿಲ್ಲದ ಗೇರ್‌ಬಾಕ್ಸ್ ಬಳಸುತ್ತದೆ. ಉದ್ದದ ಏರಿನಲ್ಲಿ ಭಾರ ಎಳೆಯುವಾಗ ಸಿವಿಟಿಗೆ ಬಿಸಿಯೇ ದೊಡ್ಡ ಶತ್ರು, ಆದ್ದರಿಂದ ಹಳೆಯ ಅಸೆಂಟ್ ಕೊಳ್ಳುವವರು ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ದಾಖಲೆ ಕೇಳದೆ ಮುಂದುವರಿಯಬಾರದು.

ಟೆಲ್ಯುರೈಡ್ ಮತ್ತು ಪ್ಯಾಲಿಸೇಡ್ ಒಂದೇ ತಳಹದಿಯ ಮೇಲೆ ಕಟ್ಟಿದ ಜೋಡಿ, ಒಳಾಂಗಣದಲ್ಲಿ ಈ ಗುಂಪಿನ ಅತ್ಯುತ್ತಮವಾದವುಗಳ ಸಾಲಿಗೆ ಸೇರುತ್ತವೆ. ಆದರೆ 2020ರಿಂದ 2022ರ ಮಾದರಿಗಳಲ್ಲಿ ಹಿಚ್ಚಿನ ತಂತಿಯ ಜೋಡಣೆಗೆ ತೇವಾಂಶ ಮತ್ತು ಕಸ ಸೇರಿ ಬೆಂಕಿ ಹೊತ್ತುವ ಅಪಾಯವಿದೆಯೆಂದು 2022ರಲ್ಲಿ ಅಮೆರಿಕದಲ್ಲಿ ಎರಡನ್ನೂ ಹಿಂದಕ್ಕೆ ಕರೆಸಲಾಗಿತ್ತು. ಆ ವರ್ಷಗಳ ವಾಹನ ನೋಡುತ್ತಿದ್ದರೆ ದುರಸ್ತಿ ಆಗಿದೆಯೇ ಎಂದು ಚಾಸಿ ಸಂಖ್ಯೆಯ ಮೂಲಕ ಪರೀಕ್ಷಿಸಿಕೊಳ್ಳಬೇಕು.

ನಡುವಿನ ದಾರಿ

5000 ಪೌಂಡ್ ಸಾಲದು, ಆದರೆ ದೈತ್ಯ ವಾಹನ ಬೇಡ ಎನ್ನುವವರಿಗೆ ಎರಡು ಹೆಸರುಗಳಿವೆ. ನಿಸ್ಸಾನ್ ಪಾತ್‌ಫೈಂಡರ್ 2022ರ ಮಾದರಿಯಲ್ಲಿ ಸಿವಿಟಿಯನ್ನು ಬಿಟ್ಟು ಒಂಬತ್ತು ಗೇರುಗಳ ಸಾಮಾನ್ಯ ಆಟೊಮ್ಯಾಟಿಕ್‌ಗೆ ಬಂತು. ಮೇಲಿನ ದರ್ಜೆಗಳಲ್ಲಿ ಅದು 6000 ಪೌಂಡ್ ಎಳೆಯುತ್ತದೆ, ಕೆಳಗಿನ ದರ್ಜೆಗಳಲ್ಲಿ 3500 ಮಾತ್ರ. ಹೆಸರು ಒಂದೇ ಆದದ್ದರಿಂದ ಬಳಸಿದ ವಾಹನ ಕೊಳ್ಳುವವರು ಇಲ್ಲಿ ಸುಲಭವಾಗಿ ಮೋಸ ಹೋಗುತ್ತಾರೆ.

ಡಾಡ್ಜ್ ಡುರಾಂಗೊ ಹಿಂಚಕ್ರ ಚಾಲನೆಯ ತಳಹದಿಯ ವಾಹನ, ಚಕ್ರಾಂತರವೂ ಉದ್ದ. ಇವೆರಡೂ ಟ್ರೈಲರ್ ಕಟ್ಟಿದಾಗ ಸ್ಥಿರತೆ ಕೊಡುವ ಗುಣಗಳು. 3.6 ಲೀಟರಿನ ವಿ6 ಎಂಜಿನ್ನಿನಲ್ಲಿ 6200 ಪೌಂಡ್, 5.7 ಲೀಟರಿನ ವಿ8ರಲ್ಲಿ 7000 ಪೌಂಡಿನ ಮೇಲೆ ಎಳೆಯುತ್ತದೆ. ಈ ಪೀಳಿಗೆ 2011ರಿಂದಲೂ ನಡೆದುಬಂದದ್ದು, ಆದ್ದರಿಂದ ಬಳಸಿದ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ವಿ8 ಇಂಧನ ಕುಡಿಯುತ್ತದೆ. ಮೂರನೇ ಸಾಲು ಮತ್ತು ಅದರ ಹಿಂದಿನ ಜಾಗ ಟ್ರಾವರ್ಸಿನಷ್ಟು ಉದಾರವಲ್ಲ. ಆದರೂ ಮಿತ ಬಜೆಟ್ಟಿನಲ್ಲಿ 1500ರಿಂದ 2200 ಕಿಲೋ ನಡುವಿನ ಟ್ರೈಲರನ್ನು ನಾಲ್ಕೈದು ಜನರೊಂದಿಗೆ ಎಳೆಯಬೇಕಾದವರು ಮೊದಲು ನೋಡಬೇಕಾದದ್ದು ವಿ6 ಡುರಾಂಗೊ ಎಂದು ನನಗೆ ಅನಿಸುತ್ತದೆ.

ಚೌಕಟ್ಟಿನ ಮೇಲೆ ಕಟ್ಟಿದ ದೊಡ್ಡ ವಾಹನಗಳು

ಟಾಹೋ, ಸಬರ್ಬನ್, ಫೋರ್ಡ್ ಎಕ್ಸ್‌ಪೆಡಿಷನ್, ಟೊಯೋಟಾ ಸಿಕೋಯಾ ಲಾರಿಯಂತೆ ಪ್ರತ್ಯೇಕ ಉಕ್ಕಿನ ಚೌಕಟ್ಟಿನ ಮೇಲೆ ನಿಂತಂಥವು. ಟಾಹೋ ಸುಮಾರು 8400 ಪೌಂಡಿನವರೆಗೆ, ಭಾರ ಎಳೆಯುವ ಪ್ಯಾಕೇಜ್ ಇರುವ 2018ರಿಂದ 2024ರವರೆಗಿನ ಎಕ್ಸ್‌ಪೆಡಿಷನ್ 9300 ಪೌಂಡಿನವರೆಗೆ ಎಳೆಯುತ್ತದೆ. ಆರೇಳು ಜನರನ್ನೂ ಎರಡು ಟನ್ನಿನ ಟ್ರೈಲರನ್ನೂ ಒಟ್ಟಿಗೆ ಒಯ್ಯಬೇಕಾದವರಿಗೆ ಬೇರೆ ಮಾರ್ಗ ಕಡಿಮೆ. ಹೊಸದರ ಬೆಲೆ ಮಿತ ಬಜೆಟ್ಟಿಗೆ ಸಿಗುವಂಥದಲ್ಲ, ಆದ್ದರಿಂದ ಮಾತು ಹಳೆಯ ವಾಹನಗಳಿಗೆ ಬರುತ್ತದೆ. ಅಲ್ಲಿ ಹಿಂದಿನ ಆಕ್ಸಲಿನ ರಚನೆ ಮೂರನೇ ಸಾಲಿನ ಭವಿಷ್ಯವನ್ನು ನಿರ್ಧರಿಸುತ್ತದೆ. 2020ರವರೆಗಿನ ಟಾಹೋದಲ್ಲಿ ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ಇಡಿಯ ಆಕ್ಸಲ್ ಇತ್ತು. ಅದು ಮೇಲೆ ಕೆಳಗೆ ಆಡಲು ಜಾಗ ಬಿಡಬೇಕಾದ್ದರಿಂದ ನೆಲ ಎತ್ತರವಾಗಿ, ಮೂರನೇ ಸಾಲಿನಲ್ಲಿ ಕಾಲಿಗೆ 25 ಇಂಚಿನಷ್ಟೂ ಜಾಗ ಉಳಿಯುತ್ತಿರಲಿಲ್ಲ. 2021ರ ಮಾದರಿಯಲ್ಲಿ ಹಿಂಬದಿಗೂ ಪ್ರತಿ ಚಕ್ರ ಬೇರೆಬೇರೆಯಾಗಿ ಆಡುವ ಸ್ವತಂತ್ರ ಸಸ್ಪೆನ್ಷನ್ ಬಂದು ಆ ಜಾಗ ಸುಮಾರು 35 ಇಂಚಿಗೆ ಏರಿತು. ಎಕ್ಸ್‌ಪೆಡಿಷನ್ ಅದೇ ರಚನೆಯನ್ನು 2003ರಲ್ಲಿಯೇ ಅಳವಡಿಸಿಕೊಂಡಿತ್ತು. ಹೀಗಾಗಿ ಹತ್ತು ವರ್ಷ ಹಳೆಯ ಟಾಹೋ ಮತ್ತು ಎಕ್ಸ್‌ಪೆಡಿಷನ್ ಒಂದೇ ಬೆಲೆಗೆ ಸಿಕ್ಕಿ, ಹಿಂದೆ ಹಿರಿಯರು ಕೂರುವವರಿದ್ದರೆ, ಎಕ್ಸ್‌ಪೆಡಿಷನ್ ಕಡೆಗೆ ತಕ್ಕಡಿ ವಾಲುತ್ತದೆ. 2022ರವರೆಗಿನ ಹಳೆಯ ಸಿಕೋಯಾ 5.7 ಲೀಟರಿನ ವಿ8ನೊಂದಿಗೆ ಬಾಳಿಕೆಗೆ ಹೆಸರಾದದ್ದು, ಅದೇ ಕಾರಣಕ್ಕೆ ಹಳತಾದರೂ ಬೆಲೆ ಇಳಿಯುವುದಿಲ್ಲ, ಇಂಧನವೂ ಧಾರಾಳವಾಗಿ ಬೇಕು.

ಈ ಗಾತ್ರದವುಗಳ ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಟೈರು, ಬ್ರೇಕು, ವಿಮೆ, ಇಂಧನ ಎಲ್ಲವೂ ಒಂದು ಮೆಟ್ಟಿಲು ಮೇಲೆ. ವರ್ಷದಲ್ಲಿ ಹತ್ತು ದಿನ ಎಳೆಯಲು ಉಳಿದ 355 ದಿನ ಈ ವೆಚ್ಚ ಹೊರಬೇಕೇ ಎಂಬುದು ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ.

ಎಸ್‌ಯುವಿ ಅಲ್ಲದ ಒಂದು ಉತ್ತರ

ಟೊಯೋಟಾ ಸಿಯೆನ್ನಾ, ಹೋಂಡಾ ಒಡಿಸ್ಸಿಯಂಥ ಮಿನಿವ್ಯಾನುಗಳು 3500 ಪೌಂಡ್, ಅಂದರೆ ಸುಮಾರು 1590 ಕಿಲೋ ಎಳೆಯುತ್ತವೆ. ಮೂರನೇ ಸಾಲಿನ ಸುಖದಲ್ಲಿ, ಹತ್ತಿ ಇಳಿಯುವ ಸುಲಭದಲ್ಲಿ, ಹಿಂದಿನ ಜಾಗದಲ್ಲಿ ಮಧ್ಯಮ ಗಾತ್ರದ ಯಾವ ಎಸ್‌ಯುವಿಯೂ ಇವುಗಳ ಸಮಕ್ಕೆ ಬರುವುದಿಲ್ಲ. ಮೇಲಿನ ಲೆಕ್ಕದ ಆರು ಜನರ ಕುಟುಂಬ 5000 ಪೌಂಡಿನ ಎಸ್‌ಯುವಿಯಲ್ಲಿಯೂ 1400 ಕಿಲೋಗೇ ನಿಂತಿತು ಎಂಬುದನ್ನು ನೆನೆದರೆ, ಮಡಚುವ ಕ್ಯಾಂಪರನ್ನೋ ಸಣ್ಣ ದೋಣಿಯನ್ನೋ ಎಳೆಯುವವರಿಗೆ ಎಸ್‌ಯುವಿ ಕೊಡುವ ಲಾಭ ಎಷ್ಟು ಕಡಿಮೆಯೆಂದು ತಿಳಿಯುತ್ತದೆ. ಮಿನಿವ್ಯಾನಿನ ಪೇಲೋಡಿಗೂ ಮಿತಿಯಿದೆ, ಕೆಸರು ಹಾದಿಯಲ್ಲಿ ಅದು ಎಸ್‌ಯುವಿಯಷ್ಟು ಧೈರ್ಯವಾಗಿ ಹೋಗದು. ಕ್ರೈಸ್ಲರ್ ಪೆಸಿಫಿಕಾದ ಪ್ಲಗ್-ಇನ್ ಹೈಬ್ರಿಡ್ ರೂಪಕ್ಕಂತೂ ತಯಾರಕರು ಎಳೆಯಲು ಅನುಮತಿಯನ್ನೇ ಕೊಟ್ಟಿಲ್ಲ.

ವಿದ್ಯುತ್ ವಾಹನಗಳಲ್ಲಿ ಕಿಯಾ ಇವಿ9 ಕೆಲವು ದರ್ಜೆಗಳಲ್ಲಿ 5000 ಪೌಂಡ್, ರಿವಿಯನ್ ಆರ್1ಎಸ್ 7700 ಪೌಂಡ್ ಎಳೆಯಬಲ್ಲವು. ಬಲಕ್ಕೆ ಕೊರತೆಯಿಲ್ಲ. ಆದರೆ ಎತ್ತರದ ಟ್ರೈಲರ್ ಕಟ್ಟಿದರೆ ಒಂದು ಚಾರ್ಜಿಗೆ ಸಾಗುವ ದೂರ ಅರ್ಧಕ್ಕೆ ಇಳಿಯುತ್ತದೆ, ಹಲವು ಚಾರ್ಜಿಂಗ್ ಕೇಂದ್ರಗಳಲ್ಲಿ ಟ್ರೈಲರ್ ಬಿಚ್ಚದೆ ನಿಲ್ಲಲು ಜಾಗವಿರುವುದಿಲ್ಲ. ಹತ್ತಿರದ ಕೆರೆಗೆ ದೋಣಿ ಒಯ್ಯುವವರಿಗೆ ಇದು ತೊಡಕಲ್ಲ. ದೂರದ ಪ್ರವಾಸದವರಿಗೆ ದಿನಕ್ಕೆ ಹಲವು ಗಂಟೆಗಳ ತೊಡಕು.

ಹಣ ಎಲ್ಲಿ ಹಾಕಬೇಕು

ಒಂದೇ ಮೊತ್ತಕ್ಕೆ ಹೊಸದಾದ ಕೆಳದರ್ಜೆಯ ಮಧ್ಯಮ ಎಸ್‌ಯುವಿಯೂ ಆರೇಳು ವರ್ಷ ಹಳೆಯ ದೊಡ್ಡ ಎಸ್‌ಯುವಿಯೂ ಎದುರಿಗಿರುತ್ತವೆ. ಟ್ರೈಲರ್ ಹಗುರವಾಗಿದ್ದರೆ ಹೊಸದೇ ಸರಿ: ವಾರಂಟಿ ಇರುತ್ತದೆ, ಹೊಸ ಸುರಕ್ಷಾ ಸಾಧನಗಳಿರುತ್ತವೆ, ಕಡಿಮೆ ದರ್ಜೆಯಾದ್ದರಿಂದ ಪೇಲೋಡ್ ಹೆಚ್ಚಿರುತ್ತದೆ, ಎಳೆಯುವ ಪ್ಯಾಕೇಜನ್ನು ಆ ದರ್ಜೆಯಲ್ಲಿ ಕೊಡುತ್ತಾರೆಯೇ ಎಂಬುದೊಂದನ್ನು ಖಚಿತಪಡಿಸಿಕೊಂಡರೆ ಸಾಕು. ಟ್ರೈಲರ್ ಭಾರವಾಗಿದ್ದರೆ ಹೊಸದರ ಹೊಳಪಿಗಿಂತ ಹಳೆಯದರ ಚೌಕಟ್ಟು ಮುಖ್ಯ. ಮಧ್ಯಮ ವಾಹನವನ್ನು ಅದರ ಮಿತಿಯ ಅಂಚಿನಲ್ಲೇ ವರ್ಷಗಟ್ಟಲೆ ದುಡಿಸಿದರೆ ಗೇರ್‌ಬಾಕ್ಸ್ ಅದರ ಬೆಲೆ ಕೇಳುತ್ತದೆ.

ಹಳೆಯದನ್ನು ನೋಡಲು ಹೋದಾಗ ಮೊದಲು ಬಗ್ಗಿ ಹಿಚ್ಚಿನ ಕೆಳಗೆ ನೋಡಬೇಕು. ತುಕ್ಕು, ಸವೆದು ಅಗಲವಾದ ಪಿನ್ನಿನ ತೂತು, ಕತ್ತರಿಸಿ ಅಂಟುಪಟ್ಟಿ ಸುತ್ತಿದ ತಂತಿಗಳು ಹಿಂದಿನ ಮಾಲೀಕರು ವಾಹನವನ್ನು ಹೇಗೆ ದುಡಿಸಿದರೆಂದು ಹೇಳುತ್ತವೆ. ಗೇರ್‌ಬಾಕ್ಸಿನ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬೆಲೆ ಎಷ್ಟು ಇಳಿಸಿದರೂ ಬೇಡ. ವಾಹನವನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಏರಿನಲ್ಲಿ ಗೇರ್ ಬದಲಾಗುವಾಗ ಜಗ್ಗುತ್ತದೆಯೇ ಎಂದು ಗಮನಿಸಬೇಕು. ಟೈರು ಬದಲಿಸಿದ್ದರೆ ಅದರ ಭಾರದ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಭಾರವನ್ನು ಮುಂದಿನ ಆಕ್ಸಲಿಗೂ ಹಂಚುವ ವಿಶೇಷ ಹಿಚ್ಚನ್ನು ಕೆಲವು ತಯಾರಕರು ಒಂದು ತೂಕದ ಮೇಲೆ ಕಡ್ಡಾಯ ಮಾಡುತ್ತಾರೆ, ಕೆಲವರು ಬಳಸಲೇಬಾರದು ಎನ್ನುತ್ತಾರೆ. ಈ ಮಾತು ಕೈಪಿಡಿಯ ಟ್ರೈಲರ್ ಅಧ್ಯಾಯದಲ್ಲಿ ಸಿಗುತ್ತದೆ, ಅದನ್ನು ಕೊಳ್ಳುವ ಮೊದಲೇ ಓದಬೇಕು.

ಬಜೆಟ್ಟಿನಲ್ಲಿ ಬ್ರೇಕ್ ಕಂಟ್ರೋಲರ್, ಏಳು ಪಿನ್ನಿನ ಜೋಡಣೆ, ಗುಂಡು ಮತ್ತು ಅದರ ಹಿಡಿ, ಅಗಲವಾದ ಟ್ರೈಲರಿನ ಹಿಂದೆ ಕಾಣಲು ಉದ್ದದ ಕನ್ನಡಿಗಳು ಇವಕ್ಕೆ ಮೊದಲೇ ಹಣ ತೆಗೆದಿಡಬೇಕು. ವರ್ಷಕ್ಕೊಮ್ಮೆ ಮಾತ್ರ ಎಳೆಯುವವರು, ಎಳೆಯಲು ಅನುಮತಿಸುವ ಸಂಸ್ಥೆಯಿಂದ ದೊಡ್ಡ ವಾಹನವನ್ನು ಆ ವಾರಕ್ಕೆ ಬಾಡಿಗೆ ಪಡೆಯುವ ಲೆಕ್ಕವನ್ನೂ ಹಾಕಿ ನೋಡಲಿ. ಸಾಮಾನ್ಯ ಕಾರು ಬಾಡಿಗೆಯ ಒಪ್ಪಂದಗಳಲ್ಲಿ ಟ್ರೈಲರ್ ಕಟ್ಟುವುದಕ್ಕೆ ಹೆಚ್ಚಾಗಿ ನಿಷೇಧವಿರುವುದರಿಂದ ಮೊದಲೇ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ, ಕೈಗೆಟಕುವ ವಾಹನದ ಚೀಟಿಗೂ ಮನಸ್ಸಿಗೆ ಹಿಡಿಸಿದ ಟ್ರೈಲರಿನ ಫಲಕಕ್ಕೂ ತಾಳೆಯಾಗದಿದ್ದರೆ, ವಾಹನದ ಬಜೆಟ್ ಹಿಗ್ಗಿಸುವ ಮೊದಲು ಟ್ರೈಲರನ್ನೇ ಮತ್ತೆ ನೋಡಬೇಕು. ಮೇಲ್ಭಾಗ ಮಡಚಿಕೊಳ್ಳುವ ಕ್ಯಾಂಪರ್ ಅಷ್ಟೇ ಜನರಿಗೆ ಮಲಗಲು ಜಾಗ ಕೊಡುತ್ತದೆ, ಗಟ್ಟಿ ಗೋಡೆಯ ಟ್ರೈಲರಿಗಿಂತ ನೂರಾರು ಕಿಲೋ ಹಗುರವಾಗಿರುತ್ತದೆ, ದಾರಿಯಲ್ಲಿ ಗಾಳಿಗೆ ಎದೆಯೊಡ್ಡದೆ ವಾಹನದ ಮರೆಯಲ್ಲೇ ಸಾಗುತ್ತದೆ. ನೀರನ್ನು ಹೊರಡುವಲ್ಲಿ ತುಂಬದೆ ತಲುಪಿದ ಜಾಗದಲ್ಲಿ ತುಂಬಿಕೊಂಡರೆ ಇನ್ನೂ ನೂರು ಕಿಲೋ ಕಳೆಯುತ್ತದೆ. ಹಾಗೆ ಕಳೆದ ತೂಕದಲ್ಲಿ ಮೂರನೇ ಸಾಲಿಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಲು ಎಡೆಯಾಗಬಹುದು.